ಎಂಜಿನ್ನನ್ನು ‘ದೊಡ್ಡದು ಮಾಡುವ’ ಕೋದಂಡಪ್ಪ

ಬೆಳಗಿನ ಐದೂವರೆ. ಮಾರಿಕುಪ್ಪಂನಿಂದ ಹೊರಟ ಮೊದಲ ರೈಲಿನ ಹೊಗೆ ಇನ್ನೂ ಹಳಿಗಳ ಮೇಲೆ ತೂಗಾಡುತ್ತಿದೆ. ನಂದಿದುರ್ಗ ಗಣಿಯ ಲೈನ್ ಮನೆಗಳಲ್ಲಿ ಒಂದೊಂದೇ ಒಲೆ ಹತ್ತುತ್ತಿದೆ. ರಸ್ತೆಯಾಚೆ, ಬೆಂಕಿ ಠಾಣೆಯ ಹಿಂಬದಿಯಲ್ಲಿರುವ ತಗಡಿನ ಶೆಡ್ಡಿನ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಖಾಕಿ ಚಡ್ಡಿ, ಬನಿಯನ್ನು ತೊಟ್ಟ ಐವತ್ತೊಂದು ವರ್ಷದ ಕೋದಂಡಪ್ಪ ಹಸಿರು ಬಣ್ಣದ ಎಂಜಿನ್ನಿನ ಸುತ್ತ ಬರಿಗಾಲಿನಲ್ಲಿ ಒಂದು ಸುತ್ತು ಬರುತ್ತಿದ್ದಾರೆ. ಎಣ್ಣೆಯ ಟ್ಯಾಂಕಿಗೆ ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ. ನೀರಿನ ಪೈಪಿನ ಮೇಲೆ ಅಂಗೈಯ ಹಿಂಭಾಗ ಇಡುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಆಮೇಲೆ ಹ್ಯಾಂಡಲ್ ಸಿಕ್ಕಿಸಿ ನಾಲ್ಕು ಸುತ್ತು ತಿರುಗಿಸುತ್ತಾರೆ. ಐದನೆಯದಕ್ಕೆ ಎಂಜಿನ್ನು ಕೆಮ್ಮಿ, ಎದ್ದು, ಓಡತೊಡಗುತ್ತದೆ.

ಹತ್ತು ನಿಮಿಷ ಅವರು ಏನೂ ಮಾಡುವುದಿಲ್ಲ. ಗೋಡೆಗೆ ಒರಗಿ ನಿಂತು ಕೇಳುತ್ತಾರೆ, ಅಷ್ಟೆ. ಹತ್ತನೆಯ ನಿಮಿಷಕ್ಕೆ ಒಂದು ಸಣ್ಣ ಸನ್ನೆಕೋಲನ್ನು ಕೆಳಕ್ಕೆಳೆಯುತ್ತಾರೆ. ಎಂಜಿನ್ನು ಉಸಿರು ಬಿಟ್ಟು ಸುಮ್ಮನಾಗುತ್ತದೆ. “ದೊಡ್ಡದಾಯ್ತು,” ಎಂದು ಯಾರಿಗೂ ಅಲ್ಲದೆ ಹೇಳಿ, ಪುಸ್ತಕದಲ್ಲಿ ಗಂಟೆ ಬರೆದು, ಬಾಗಿಲು ಮುಂದೆ ಮಾಡಿ, ಕಾಫಿಗೆ ಹೊರಡುತ್ತಾರೆ.

ಕೋದಂಡಪ್ಪನವರ ಕೆಲಸವನ್ನು ವಿವರಿಸುವುದು ಸುಲಭ. ಶಿವನಸಮುದ್ರದಿಂದ ಬರುವ ಕರೆಂಟು ಹೋದಾಗ ಠಾಣೆಯ ಜನರೇಟರನ್ನು ನಡೆಸಬೇಕು. ಅದು ಓಡಿದರೇನೇ ಆಗ ಸೈರನ್ನು ಕೂಗುವುದು, ತೊಟ್ಟಿಗೆ ನೀರೆತ್ತುವ ಪಂಪು ತಿರುಗುವುದು, ಗಾಡಿ ನಿಲ್ಲುವ ಜಾಗದಲ್ಲಿ ಬೆಳಕಾಗುವುದು. ಕರೆಂಟು ಬಂದಾಗ ನಿಲ್ಲಿಸಬೇಕು. ಆದರೆ ಗಣಿಯೂರಿನಲ್ಲಿ ಕರೆಂಟು ಹೋಗುವುದೇ ಅಪರೂಪ. ಹದಿನೆಂಟು ವರ್ಷಗಳಲ್ಲಿ ಅವರು ಆರು ಸಾವಿರಕ್ಕೂ ಹೆಚ್ಚು ಬೆಳಗು ಎಂಜಿನ್ನನ್ನು ಎಬ್ಬಿಸಿದ್ದಾರೆ. ಅದು ನಿಜವಾಗಿ ಬೇಕಾದದ್ದು ನಲವತ್ತೆರಡು ಸಲ.

“ಜನ ಕೇಳ್ತಾರೆ, ದಿನಾ ಸುಮ್ನೆ ಯಾಕ್ ಓಡಿಸ್ತೀಯ, ಎಣ್ಣೆ ದಂಡ ಅಂತ,” ಎನ್ನುತ್ತಾರೆ ಅವರು. “ಮನ್ಸಂಗೂ ಅಂಗೇ ಅಲ್ವಾ? ಒಂದ್ ತಿಂಗ್ಳು ಮಲಗ್ಸಿಬುಡು, ಆಮೇಲೆ ಎದ್ದು ಓಡು ಅನ್ನು. ಓಡ್ತಾನಾ?”

ಬೂದಿಕೋಟೆ ಹತ್ತಿರದ ಹಳ್ಳಿಯೊಂದರಲ್ಲಿ ಕೂಲಿಯ ಮನೆಯಲ್ಲಿ ಹುಟ್ಟಿದವರು ಕೋದಂಡಪ್ಪ. ಹದಿನೇಳಕ್ಕೆ ಅಣ್ಣನ ಹಿಂದೆ ಗಣಿಗೆ ಬಂದರು. ಭೂಮಿಯೊಳಗೆ ಅದಿರಿನ ಡಬ್ಬಿ ತಳ್ಳುತ್ತ ಹದಿನಾರು ವರ್ಷ ಕಳೆದರು. ಒಂದು ದಿನ ಡಬ್ಬಿ ಹಳಿ ತಪ್ಪಿ ಎಡ ಮೊಣಕಾಲಿನ ಮೇಲೆ ಬಿತ್ತು. ಕಾಲು ಉಳಿಯಿತು, ಆದರೆ ಪಾತಾಳದ ಏಣಿಗಳು ಅವರ ಪಾಲಿಗೆ ಮುಗಿದವು. ಸಾವಿರದ ಒಂಬೈನೂರ ನಲವತ್ತಾರರಲ್ಲಿ ಅವರನ್ನು ಬೆಂಕಿ ಠಾಣೆಗೆ ಕಳಿಸಿ, ಅಲ್ಲೊಂದು ಹಳೆಯ ಎಂಜಿನ್ನಿದೆ, ನೋಡಿಕೋ ಎಂದರು. ಕತ್ತಲೆಯಲ್ಲಿ ಬಂಡೆಯ ಸದ್ದನ್ನೇ ನಂಬಿ ಬದುಕಿದ್ದ ಮನುಷ್ಯನಿಗೆ ಎಂಜಿನ್ನಿನ ಸದ್ದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಆ ಹಳೆಯ ಎಂಜಿನ್ನನ್ನು ಠಾಣೆಯವರೆಲ್ಲ ‘ಪಾಟಿ’ ಎನ್ನುತ್ತಿದ್ದರು. ತಮಿಳಿನಲ್ಲಿ ಹಾಗೆಂದರೆ ಅಜ್ಜಿ. ಆಳೆತ್ತರದ ಚಕ್ರ, ಮುಂದೆ ಕುಂಬಳಕಾಯಿಯಷ್ಟು ದಪ್ಪನೆಯ ಕಬ್ಬಿಣದ ಗುಂಡು. ಪಾಟಿಯನ್ನು ಎಬ್ಬಿಸಬೇಕಾದರೆ ಮೊದಲು ಬ್ಲೋ ಲ್ಯಾಂಪು ಹಚ್ಚಿ, ಅದರ ಉರಿಯನ್ನು ಆ ಗುಂಡಿಗೆ ಹಿಡಿದು ಹನ್ನೆರಡು ನಿಮಿಷ ಕಾಯಿಸಬೇಕು. ಗುಂಡು ಕೆಂಪಗಾದ ಮೇಲೆ ಚಕ್ರವನ್ನು ಹಿಂದೆ ಮುಂದೆ ತೂಗಿ ತಿರುಗಿಸಬೇಕು. ಒಮ್ಮೆ ಹಿಡಿದುಕೊಂಡಿತೆಂದರೆ ತನ್ನ ಕಾವಿನಲ್ಲೇ ಓಡುತ್ತದೆ, ಲ್ಯಾಂಪಿನ ಹಂಗು ಬೇಡ. ಆಗ ಲ್ಯಾಂಪನ್ನು ಆರಿಸಬೇಕು.

ತೊಡಕು ಬಂದದ್ದು ಈ ಕೊನೆಯ ಮಾತಿನಲ್ಲಿ. ಕೋದಂಡಪ್ಪನವರ ಬಾಯಲ್ಲಿ ‘ಆರಿಸು’ ಎಂಬ ಮಾತು ಬರುವುದಿಲ್ಲ. ನಮ್ಮ ಎಷ್ಟೋ ಮನೆಗಳ ಹಾಗೆ ಅವರ ಮನೆಯಲ್ಲೂ ದೀಪ ಆರಿತು ಎನ್ನುವುದು ಮನೆಯೊಳಗೆ ಯಾರೋ ಇಲ್ಲವಾದಾಗ ಮಾತ್ರ. ಉಳಿದ ದಿನಗಳಲ್ಲಿ ದೀಪವನ್ನು ‘ದೊಡ್ಡದು ಮಾಡುತ್ತಾರೆ’. ಚಿಕ್ಕಂದಿನಲ್ಲಿ ಒಮ್ಮೆ ಬಾಯಿ ತಪ್ಪಿ ಆರಿಸಲಾ ಎಂದು ಕೇಳಿದ್ದಕ್ಕೆ ಅವರಮ್ಮ ತುಟಿಯ ಮೇಲೆ ಹೊಡೆದದ್ದು ಇವತ್ತಿಗೂ ನೆನಪಿದೆ.

ನಲವತ್ತೇಳರಲ್ಲಿ ಆರುಮುಗಂ ಎಂಬ ಹೊಸ ಫೈರ್‌ಮನ್ ಠಾಣೆಗೆ ಸೇರಿದರು. ಮಾರಿಕುಪ್ಪಂನಲ್ಲಿ ಹುಟ್ಟಿ ಬೆಳೆದ ತಮಿಳರು. ಕನ್ನಡವೂ ಬರುತ್ತಿತ್ತು, ಆದರೆ ಬೀದಿಯ ಕನ್ನಡ, ದೇವರ ಮನೆಯ ಕನ್ನಡವಲ್ಲ. ಎರಡನೆಯ ವಾರವೋ ಏನೋ, ಪಾಟಿ ಹಿಡಿದುಕೊಂಡ ಕೂಡಲೇ ಚಕ್ರದ ಬಳಿಯಿಂದ ಕೋದಂಡಪ್ಪ ಕೂಗಿದರು: “ದೀಪ ದೊಡ್ಡದು ಮಾಡಪ್ಪಾ!” ಆರುಮುಗಂ ದೊಡ್ಡದು ಮಾಡಿದರು. ಲ್ಯಾಂಪಿನ ಪಂಪನ್ನು ಒತ್ತಿ ಒತ್ತಿ ಉರಿಯನ್ನು ಒಂದು ಮಾರುದ್ದ ಬೆಳೆಸಿದರು. “ದೊಡ್ಡದು ಮಾಡಯ್ಯಾ, ದೊಡ್ಡದು ಮಾಡು!” ಎಂದು ಕೋದಂಡಪ್ಪ ಅರಚಿದಷ್ಟೂ ಅವರು ಒತ್ತಿದರು. ಮೊದಲು ಆರುಮುಗಂ ಅವರ ಬಲ ಹುಬ್ಬು ಹೋಯಿತು, ಆಮೇಲೆ ಎಣ್ಣೆ ಒರೆಸುವ ಬಟ್ಟೆಯ ರಾಶಿ, ಕಡೆಗೆ ಶೆಡ್ಡಿನ ಬಾಗಿಲು. ಮರಳಿನ ಬಕೆಟ್ಟು ಹಿಡಿದು ಎಂಟು ಜನ ಓಡಿ ಬಂದರು. ಆ ದಿನದ ಪುಸ್ತಕದಲ್ಲಿ ‘ಬೆಂಕಿ ಬಿದ್ದ ಸ್ಥಳ’ ಎಂಬ ಕಾಲಮಿನಲ್ಲಿ ‘ಇಲ್ಲೇ’ ಎಂದು ಬರೆಯಬೇಕಾಯಿತು.

“ಅಣ್ಣ ದೊಡ್ಡದು ಮಾಡು ಅಂತ ಸೊಲ್ಲಿದ್ರು, ನಾನ್ ಮಾಡಿದೆ,” ಎಂದು ಆರುಮುಗಂ ಈಗಲೂ ವಾದಿಸುತ್ತಾರೆ. “ಇದ್ರಲ್ಲಿ ಎನ್ನ ತಪ್ಪು ಎನ್ನಾ ಇರುಕ್ಕು? ಹುಬ್ಬು ಹೋಗಿದ್ದು ಮಾತ್ರ ನಂದು!”

ಅಲ್ಲಿಂದ ಮುಂದೆ ಆ ಮಾತು ಠಾಣೆಯ ಮಾತೇ ಆಗಿಬಿಟ್ಟಿತು. ತಮಿಳರು, ತೆಲುಗರು, ಕನ್ನಡದವರು ಎಲ್ಲರೂ ಲ್ಯಾಂಪನ್ನಲ್ಲದೆ ಎಂಜಿನ್ನನ್ನೂ ಸೈರನ್ನನ್ನೂ ದೊಡ್ಡದು ಮಾಡತೊಡಗಿದರು. ಎಂಜಿನ್ನಿಗೆ ‘ನಿಲ್ಲಿಸು’ ಎನ್ನಬಹುದಲ್ಲ ಎಂದು ಕೇಳಿದರೆ ಕೋದಂಡಪ್ಪ ತಲೆಯಾಡಿಸುತ್ತಾರೆ. “ನಿಂತೋಯ್ತು ಅಂದ್ರೆ ಕೆಟ್ಟೋಯ್ತು ಅಂತ. ಆ ಮಾತು ಈ ಶೆಡ್ಡಲ್ಲಿ ಬ್ಯಾಡ. ಅದ್ರ ಒಟ್ಟೇಲಿ ಉರಿ ಐತೆ. ಉರಿ ಅಂದ್ಮೇಲೆ ದೀಪಾನೇ ಅಲ್ವಾ?”

ಪಾಟಿಗೆ ವಯಸ್ಸಾಗುತ್ತ ಬಂತು. ಗುಂಡಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಬದಲಿ ಭಾಗ ತಯಾರಿಸುವವರು ಯಾವ ದೇಶದಲ್ಲೂ ಉಳಿದಿರಲಿಲ್ಲ. ಅರವತ್ತೆರಡರ ಮಾಘದ ಒಂದು ಮಧ್ಯಾಹ್ನ ಕರೆಂಟು ಹೋಗಿದ್ದಾಗಲೇ ಲೈನ್ ಮನೆಗಳ ಸಾಲೊಂದಕ್ಕೆ ಬೆಂಕಿ ಬಿತ್ತು. ಪಾಳಿ ಮುಗಿಸಿ ಮನೆಯಲ್ಲಿದ್ದ ಫೈರ್‌ಮನ್ನರನ್ನು ಕರೆಯಲು ಸೈರನ್ನು ಕೂಗಬೇಕು. ಹನ್ನೆರಡು ನಿಮಿಷ ಕಾಯಿಸಿದ ಮೇಲೂ ಪಾಟಿ ಹಿಡಿದುಕೊಳ್ಳಲಿಲ್ಲ. ಮತ್ತೆ ಕಾಯಿಸಿದರು. ಸೈರನ್ನು ಕೂಗಿದಾಗ ಹದಿನೇಳು ನಿಮಿಷ ಕಳೆದಿತ್ತು. ಮೂರು ಮನೆಗಳ ಛಾವಣಿ ಹೋಯಿತು. ಪ್ರಾಣ ಹೋಗಲಿಲ್ಲ.

ಆ ಹದಿನೇಳು ನಿಮಿಷಗಳ ಬಗ್ಗೆ ಯಾರೂ ಕೋದಂಡಪ್ಪನವರಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವರಿಗೆ ಕಷ್ಟವಾಯಿತು. ಬೈದಿದ್ದರೆ ಕೇಳಿ ಮುಗಿಸಬಹುದಿತ್ತು. ಬೆಂಕಿಯ ಸದ್ದು ಕಿವಿಗೆ ಬೀಳದಷ್ಟು ದೂರದ ಶೆಡ್ಡಿನಲ್ಲಿ, ಲ್ಯಾಂಪಿನ ಸೊರಸೊರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೂಗಬೇಕಾದದ್ದು ಕೂಗದೆ ಇದ್ದಾಗ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು ಅವರಿಗೆ ಅವತ್ತು ತಿಳಿಯಿತು. ಎರಡು ವಾರದ ನಂತರ ಅವರೇ ಠಾಣಾಧಿಕಾರಿ ರಾಮಚಂದ್ರಪ್ಪನವರ ಮುಂದೆ ಹೋಗಿ ನಿಂತರು.

“ಅಜ್ಜೀನ ತೆಗ್ಸಿಬುಡಿ ಸಾ. ಇನ್ನ ಆಗಲ್ಲ ಅವಳ ಕೈಲಿ.”

“ಹೊಸದು ಬಂದರೆ ಪರೀಕ್ಷೆ ಇರುತ್ತೆ ಕೋದಂಡಪ್ಪ. ಪಾಸಾದವರ ಕೈಗೇ ಅದು. ಆಗದಿದ್ದರೆ ನಿಮ್ಮನ್ನ ಹೋಸ್ ತೊಳೆಯೋ ಕಡೆಗೆ ಹಾಕ್ತಾರೆ. ಯೋಚನೆ ಮಾಡಿ.”

“ಮಾಡಿದೀನಿ ಸಾ. ಬರೀರಿ.”

ರಾಮಚಂದ್ರಪ್ಪ ಬರೆದರು. ಬರೆದ ಕಾಗದ ಎರಡು ವರ್ಷ ಮೇಜಿನಿಂದ ಮೇಜಿಗೆ ನಡೆಯಿತು. ಈ ವರ್ಷ, ಅರವತ್ತನಾಲ್ಕರ ಫೆಬ್ರುವರಿಯಲ್ಲಿ, ಹೊಸ ಡೀಸೆಲ್ ಎಂಜಿನ್ನು ಮರದ ಪೆಟ್ಟಿಗೆಯಲ್ಲಿ ಬಂಗಾರಪೇಟೆಯ ಗೂಡ್ಸ್ ಶೆಡ್ಡಿಗೆ ಬಂದಿಳಿಯಿತು. ಕೋದಂಡಪ್ಪ ಒಂದು ದಿನದ ರಜೆ ಹಾಕಿ ರೈಲು ಹತ್ತಿ ಹೋದರು. ಪೆಟ್ಟಿಗೆ ಬಿಚ್ಚುವ ಹಾಗಿರಲಿಲ್ಲ. ಹಲಗೆಗಳ ಸಂದಿಯಲ್ಲಿ ಹಸಿರು ಬಣ್ಣ ಇಷ್ಟೇ ಇಷ್ಟು ಕಾಣುತ್ತಿತ್ತು. ಅದರ ಪಕ್ಕ ಗೋಣಿಚೀಲದ ಮೇಲೆ ಸಂಜೆಯ ಗಾಡಿಯವರೆಗೂ ಕುಳಿತಿದ್ದು ಬಂದರು.

“ನನ್ನ ನೋಡಾಕೆ ಬಂದಾಗ ಒಂದ್ ಲೋಟ ಕಾಫಿ ಕುಡಿಯೋ ಒತ್ತೂ ಕೂತಿರ್ಲಿಲ್ಲ ಈವಯ್ಯ,” ಎನ್ನುತ್ತಾರೆ ಹೆಂಡತಿ ಕದಿರಮ್ಮ. “ಕಬ್ಬಿಣ ನೋಡಾಕೆ ಬೆಳಗಿಂದ ಸಂಜೇಗಂಟ!”

ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಹೊಸ ಕಟ್ಟೆ ಕಟ್ಟಿ, ಅದನ್ನು ಹದಿನೈದು ದಿನ ಗೋಣಿ ಹೊದಿಸಿ ನೀರುಣಿಸಿದರು. ಬೆಂಗಳೂರಿನಿಂದ ಬಂದ ಫಿಟ್ಟರು ಎಂಜಿನ್ನನ್ನು ಕೂರಿಸಿದರು. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಕೋದಂಡಪ್ಪನವರಿಗೆ ಕನ್ನಡದ ಅಕ್ಷರವೂ ತಡೆತಡೆದು ಬರುವುದು. ಅವರು ಫಿಟ್ಟರ ಕೈಯನ್ನೇ ಓದಿದರು. ಹದಿನೈದು ದಿನಗಳಲ್ಲಿ ಕಣ್ಣು ಮುಚ್ಚಿಕೊಂಡು ಪ್ರತಿ ನಟ್ಟನ್ನೂ ಮುಟ್ಟಿ ತೋರಿಸಬಲ್ಲವರಾದರು. ಹಳೆಯದಕ್ಕೆ ಹನ್ನೆರಡು ನಿಮಿಷ, ಇದಕ್ಕೆ ನಲವತ್ತು ಸೆಕೆಂಡು. ಮೊದಲ ಸಲ ತಾವೇ ಅದನ್ನು ಎಬ್ಬಿಸಿದ ದಿನ ಅವರಿಗೆ ನಗು ಬಂತಂತೆ. ಉಳಿದ ಹನ್ನೊಂದು ಚಿಲ್ಲರೆ ನಿಮಿಷವನ್ನು ಏನು ಮಾಡುವುದೆಂದು ತೋಚಲಿಲ್ಲವಂತೆ.

ಮಾರ್ಚಿ ತಿಂಗಳಲ್ಲಿ ಪರೀಕ್ಷೆ. ಪರೀಕ್ಷಿಸಲು ಬಂದ ಎಂಜಿನಿಯರು ಬೊಂಬಾಯಿ ಕಡೆಯವರು. ಸಭ್ಯರು. ಪುಸ್ತಕ ಇಟ್ಟುಕೊಂಡು ಎರಡು ವರ್ಷದಲ್ಲಿ ಕನ್ನಡ ಕಲಿತಿದ್ದರು. ಕೆಲಸಗಾರರನ್ನು ಅವರ ಭಾಷೆಯಲ್ಲೇ ಪ್ರಶ್ನಿಸಬೇಕೆಂಬುದು ಅವರ ನಿಯಮ. ಆ ದಿನ ರಾಮಚಂದ್ರಪ್ಪ ಕೋಲಾರಕ್ಕೆ ಹೋಗಿದ್ದರು. ಆರುಮುಗಂ ಗಾಡಿಯೊಂದಿಗೆ ಹೊರಗಿದ್ದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿ ಕುಳಿತ ಎಂಜಿನಿಯರು, ಮೊದಲು ಮಾತು, ಆಮೇಲೆ ಕೆಲಸ ಎಂದು ಶುರು ಮಾಡಿದರು. ಕೋದಂಡಪ್ಪನವರಿಗೆ ಪ್ರಶ್ನೆಗಳು ಸುಲಭವೆನ್ನಿಸಿದವು.

“ಎಣ್ಣೆಯ ಒತ್ತಡವು ಇಳಿಯುತ್ತಿದೆ. ಆಗ ನೀನು ಏನು ಮಾಡುವೆ?”

“ತಕ್ಷಣ ದೊಡ್ಡದು ಮಾಡ್ತೀನಿ ಸಾಮಿ.”

ಎಂಜಿನಿಯರು ತಲೆ ಎತ್ತಿದರು. “ದೊಡ್ಡದು?”

“ಊ ಸಾಮಿ. ಪೂರ್ತಿ ದೊಡ್ಡದು. ಒಂದ್ ಗಳಿಗೇನೂ ತಡ ಮಾಡಲ್ಲ.”

“ಎಂಜಿನ್ ಅತಿಯಾಗಿ ಬಿಸಿಯಾಯಿತು. ಆಗ?”

“ಆವಾಗ್ಲೂ ಅದೇ ಸಾಮಿ.”

“ಬೆಂಕಿಯೇ ಹೊತ್ತಿಕೊಂಡರೆ?”

“ಮೊದ್ಲು ದೊಡ್ಡದು ಮಾಡ್ತೀನಿ. ಮಿಕ್ಕಿದ್ದೆಲ್ಲ ಆಮೇಲೆ.”

ಎಂಜಿನಿಯರು ಪೆನ್ನಿನ ಮುಚ್ಚಳ ಹಾಕಿದರು. ಕೆಲಸ ತೋರಿಸುವ ಪರೀಕ್ಷೆ ಬೇಕಾಗಿಲ್ಲ ಎಂದು ಶೆಡ್ಡಿನೊಳಗಿದ್ದ ಫಿಟ್ಟರಿಗೆ ಹೇಳಿ ಜೀಪು ಹತ್ತಿದರು. ಒಂದೇ ಮಾತಿನಲ್ಲಿ ಮುಗಿಯಿತಲ್ಲ, ಕೈ ನೋಡುವುದೂ ಬೇಡವೆನ್ನಿಸುವಷ್ಟು ಚೆನ್ನಾಗಿ ಹೇಳಿದೆನೇನೋ ಎಂದುಕೊಂಡು ಕೋದಂಡಪ್ಪ ಮನೆಗೆ ಹೋಗುವಾಗ ನೂರು ಗ್ರಾಂ ಬೂಂದಿ ಕಟ್ಟಿಸಿಕೊಂಡು ಹೋದರು.

ಮರುದಿನ ಫೋನಿನಲ್ಲಿ ಬಂದ ಆಜ್ಞೆ ಎರಡೇ ಸಾಲಿನದು. ಕೋದಂಡಪ್ಪ ಅನರ್ಹ, ಅವರನ್ನು ಎಂಜಿನ್ನಿನ ಹತ್ತಿರ ಬಿಡಬಾರದು. ಬೇರೆ ಡ್ರೈವರು ಸಿಗುವತನಕ ಫಿಟ್ಟರೇ ನೋಡಿಕೊಳ್ಳಲಿ. ಕಾರಣದ ವರದಿ ಅಂಚೆಯಲ್ಲಿ ಬರುತ್ತದೆ.

ಅವರು ಹೋಸ್ ತೊಳೆಯುವ ಕಡೆಗೆ ಹೋದರು. ಬೆಂಕಿಯಿಂದ ಮರಳಿದ ಕ್ಯಾನ್ವಾಸಿನ ಉದ್ದುದ್ದ ನೀರಿನ ಹೋಸುಗಳನ್ನು ಉಜ್ಜಿ, ಠಾಣೆಯ ಗೋಪುರಕ್ಕೆ ಎಳೆದು ತೂಗುಹಾಕಿ ಒಣಗಿಸುವ ಕೆಲಸ. ಅದರಲ್ಲಿ ಅವಮಾನವೇನಿಲ್ಲ ಎಂದು ಅವರೇ ಹೇಳುತ್ತಾರೆ. “ಯಾರಾನ ಮಾಡಬೇಕಲ್ಲ. ಆದ್ರೆ ನಂಗೆ ಕೈ ಮಾತ್ರ ಅಲ್ಲಿತ್ತು, ಕಿವಿ ಶೆಡ್ಡಲ್ಲೇ ಇತ್ತು.” ಬೆಳಗಿನ ಐದೂವರೆಗೆ ಶೆಡ್ಡಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಫಿಟ್ಟರು ಎಂಟಕ್ಕೆ ಏಳುವವರು. ವಾರಕ್ಕೊಮ್ಮೆ ಓಡಿಸಿದರೆ ಸಾಕೆಂದು ಪುಸ್ತಕದಲ್ಲೇ ಇದೆಯಂತೆ. ಕೋದಂಡಪ್ಪ ಮಾತ್ರ ಅದೇ ಹೊತ್ತಿಗೆ ಬಂದು, ಮುಚ್ಚಿದ ಬಾಗಿಲಿನ ಎದುರಿನ ಕಲ್ಲಿನ ಮೇಲೆ ಹತ್ತು ನಿಮಿಷ ಕೂತು, ಆಮೇಲೆ ಗೋಪುರದ ಕಡೆಗೆ ನಡೆಯುತ್ತಿದ್ದರು.

“ಮನೇಲಿ ಮಾತೇ ಇಲ್ಲ,” ಎಂದು ಕದಿರಮ್ಮ ಆ ದಿನಗಳನ್ನು ನೆನೆಯುತ್ತಾರೆ. “ಮುದ್ದೆ ಇಕ್ಕಿದ್ರೆ ಉಣ್ಣೋದು, ಎದ್ದೋಗೋದು. ಎಲ್ಲಾ ಸರಿಯಾಗೇ ಏಳಿದ್ನಲ್ಲ, ಎಲ್ಲಾ ಸರಿಯಾಗೇ ಏಳಿದ್ನಲ್ಲ, ಇದೊಂದೇ. ಬೂಂದಿ ಅಂಗೇ ಇರುವೆ ಪಾಲಾಯ್ತು.”

ಹನ್ನೊಂದನೆಯ ದಿನ ವರದಿ ಬಂತು. ರಾಮಚಂದ್ರಪ್ಪ ಕೋದಂಡಪ್ಪನವರನ್ನು ಕೋಣೆಗೆ ಕರೆಸಿದರು. ಆರುಮುಗಂ ಕೂಡ ಏನಾಯಿತೆಂದು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ರಾಮಚಂದ್ರಪ್ಪ ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳಿದರು.

“ಎಣ್ಣೆಯ ಒತ್ತಡ ಇಳಿದರೆ ಈತ ವೇಗ ಹೆಚ್ಚಿಸುತ್ತಾನಂತೆ. ಬಿಸಿಯಾದರೆ ಇನ್ನೂ ಹೆಚ್ಚಿಸುತ್ತಾನಂತೆ. ಬೆಂಕಿ ಬಿದ್ದರೆ, ಮೊದಲು ವೇಗ ಹೆಚ್ಚಿಸಿ ಆಮೇಲೆ ಮಿಕ್ಕಿದ್ದು ನೋಡುತ್ತಾನಂತೆ. ಏನ್ರೀ ಇದು? ಹೀಗಂದ್ರಾ ನೀವು?”

“ಅಯ್ಯೋ ಯಾವನ್ ಅಂದೋನು! ಯೇಗ ಎಚ್ಚಿಸ್ತೀನಿ ಅಂತ ನಾನ್ಯಾಕಂತೀನಿ ಸಾ? ದೊಡ್ಡದು ಮಾಡ್ತೀನಿ ಅಂದೆ. ಎರಡೆರಡ್ ಸಲ ಬುಡಿಸಿ ಏಳಿದೆ.”

ರಾಮಚಂದ್ರಪ್ಪ ಕೋಲಾರದವರು. ಅವರ ತಾಯಿಯೂ ಸಂಜೆಯ ದೀಪವನ್ನು ದೊಡ್ಡದು ಮಾಡಿಯೇ ಮಲಗುವವರು. ಅವರು ವರದಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಸಾಹೇಬರು ಅಳುತ್ತಿದ್ದಾರೋ ನಗುತ್ತಿದ್ದಾರೋ ಕೋದಂಡಪ್ಪನವರಿಗೆ ತಿಳಿಯಲಿಲ್ಲ.

ಬಾಗಿಲಿನಿಂದ ಆರುಮುಗಂ ತಮ್ಮ ಬಲ ಹುಬ್ಬನ್ನು ಮುಟ್ಟಿ ತೋರಿಸುತ್ತ ಅಂದರು: “ಸಾರ್, ಆ ಎಂಜಿನಿಯರ್ ಸಾರ್ ಪುಣ್ಯವಂತ್ರು ಸಾರ್. ಬರೀ ಪೇಪರ್ ಹೋಯ್ತು. ನಂಗೆ ಇದೇ ಪೋಚ್ಚು.”

ಅವತ್ತು ಸಂಜೆ ವಿಷಯ ಕೇಳಿ ಕದಿರಮ್ಮ ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಅವರ ತವರು ಆಂಧ್ರದ ಗಡಿಯ ಕಡೆಯದು. ಅಲ್ಲಿಯ ತೆಲುಗಿನಲ್ಲಿ ದೀಪ ದೊಡ್ಡದಾಗುವುದಿಲ್ಲ, ಬೆಟ್ಟ ಹತ್ತುತ್ತದೆ. “ಸದ್ಯ, ನಮ್ಮೋರ ಮಾತು ಕಲಿತಿರ್ಲಿಲ್ಲ ನೀನು. ಬೆಟ್ಟ ಅತ್ತಿಸ್ತೀನಿ ಸಾಮಿ ಅಂದಿದ್ರೆ ಆವಯ್ಯ ಎಂಜಿನ್ನ ಗಣಿ ಮಣ್ಣಿನ ಸೈನೈಡ್ ಗುಡ್ಡದ ಮೇಲೆ ತಕಂಡೋಗಿ ಇಕ್ಕ್‌ಬುಡ್ತಿದ್ದ!” ಹನ್ನೊಂದು ದಿನಗಳ ನಂತರ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು.

ರಾಮಚಂದ್ರಪ್ಪ ಮರುದಿನವೇ ಎಂಜಿನಿಯರಿಗೆ ಬರೆದರು. ಒಂದು ವಾರಕ್ಕೆ ಮರುಪರೀಕ್ಷೆ ಗೊತ್ತಾಯಿತು. ಅಷ್ಟರಲ್ಲಿ ಠಾಣೆಯವರೆಲ್ಲ ಕೋದಂಡಪ್ಪನವರಿಗೆ ಪಾಠ ಹೇಳಿದರು. ನಿಲ್ಲಿಸ್ತೀನಿ ಅನ್ನು, ಸ್ಟಾಪ್ ಮಾಡ್ತೀನಿ ಅನ್ನು, ಬಂದ್ ಮಾಡ್ತೀನಿ ಅನ್ನು. ಅವರು ಹೂಂಗುಟ್ಟಿದರು. ಆದರೆ ನಾಲಿಗೆ ತಿರುಗಲಿಲ್ಲ. ಹೋಸ್ ತೊಳೆಯುತ್ತ ‘ಸ್ಟಾಪು, ಸ್ಟಾಪು’ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವುದನ್ನು ಆರುಮುಗಂ ಕೇಳಿಸಿಕೊಂಡಿದ್ದಾರೆ. “ಅಣ್ಣೇ, ನೀ ಸ್ಟಾಪು ಸ್ಟಾಪು ಅಂದ್ರೆ ಬಸ್ಸು ನಿಲ್ಲುತ್ತೆ, ಎಂಜಿನ್ ನಿಲ್ಲಲ್ಲ,” ಎಂದು ಅವರು ಛೇಡಿಸಿದರು.

ಪರೀಕ್ಷೆಯ ದಿನ ಎಂಜಿನಿಯರು ಕುರ್ಚಿಯಲ್ಲಿ ಕೂರಲಿಲ್ಲ. ಶೆಡ್ಡಿನೊಳಗೇ ಬಂದರು. “ಇಂದು ಮಾತು ಬೇಡ,” ಅಂದರು. “ನೀನೂ ಮಾತನಾಡಬೇಡ, ನಾನೂ ಮಾತನಾಡುವುದಿಲ್ಲ. ಎಂಜಿನ್ ನಡೆಸು.”

ಕೋದಂಡಪ್ಪ ಎಂದಿನಂತೆ ಒಂದು ಸುತ್ತು ಬಂದರು, ಟ್ಯಾಂಕಿಗೆ ಬಡಿದರು, ಹ್ಯಾಂಡಲ್ ಹಾಕಿದರು. ಎಂಜಿನ್ನು ಎದ್ದಿತು. ಎಂಜಿನಿಯರು ಗಡಿಯಾರ ನೋಡಿದರು, ಬರೆದುಕೊಂಡರು. ಆಮೇಲೆ ಅವರು ಎಂಜಿನ್ನಿನ ಹಿಂದಕ್ಕೆ ಹೋದರು. ಅಲ್ಲಿ ಏನು ಮಾಡಿದರೋ ಮುಂದಿದ್ದವರಿಗೆ ಕಾಣಲಿಲ್ಲ. ಸದ್ದು ಹಾಗೇ ಇತ್ತು. ಒಂದು ನಿಮಿಷ ಕಳೆಯಿತು. ಬಾಗಿಲಲ್ಲಿ ನಿಂತ ರಾಮಚಂದ್ರಪ್ಪನವರಿಗೂ ಆರುಮುಗಂ ಅವರಿಗೂ ಏನೂ ವ್ಯತ್ಯಾಸ ತಿಳಿಯಲಿಲ್ಲ. ಗೋಡೆಗೆ ಒರಗಿದ್ದ ಕೋದಂಡಪ್ಪ ಮಾತ್ರ ಕತ್ತು ಸ್ವಲ್ಪ ವಾಲಿಸಿದರು. ಮುಂದೆ ಬಂದು ನೀರಿನ ಪೈಪಿಗೆ ಕೈಯ ಹಿಂಭಾಗ ತಾಗಿಸಿದರು. ತಕ್ಷಣ ಸನ್ನೆಕೋಲನ್ನು ಕೆಳಕ್ಕೆಳೆದರು. ಎಂಜಿನ್ನು ಸುಮ್ಮನಾಯಿತು. ಅವರು ನೇರ ಹಿಂಬದಿಗೆ ಹೋಗಿ, ಎಂಜಿನಿಯರು ಸದ್ದಿಲ್ಲದೆ ಮುಚ್ಚಿದ್ದ ನೀರಿನ ತಿರುಪನ್ನು ತೆರೆದು, ಪಕ್ಕಕ್ಕೆ ಸರಿದು ನಿಂತರು.

ಓಡುವ ಎಂಜಿನ್ನು ನಿಂತ ಮೇಲೆ ಬರುವ ಮೌನ ಬೇರೆ ಮೌನದಂತಲ್ಲ. ಅದು ಕಿವಿಯನ್ನು ಒಂದು ಕ್ಷಣ ಒತ್ತಿ ಹಿಡಿಯುತ್ತದೆ. ಆ ಮೌನದಲ್ಲಿ ಎಂಜಿನಿಯರು ಮತ್ತೊಮ್ಮೆ ಗಡಿಯಾರ ನೋಡಿದರು. ಹಾಳೆಯಲ್ಲಿ ಏನೋ ಬರೆದು ಸಹಿ ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಅಕ್ಷರ ಅಕ್ಷರ ಬಿಡಿಸಿ, ಪುಸ್ತಕದ ಕನ್ನಡದಲ್ಲಿ ಅಂದರು: “ಸರಿಯಾದ ಸಮಯದಲ್ಲಿ ದೊಡ್ಡದು ಮಾಡಿದೆ.”

ಮಾತಾಡಬಾರದೆಂದು ಹೇಳಿದ್ದರಲ್ಲ, ಕೋದಂಡಪ್ಪ ಕೈ ಮುಗಿದರು, ಅಷ್ಟೆ.

ಏಪ್ರಿಲ್‌ನಲ್ಲಿ ಪಾಟಿಯನ್ನು ಸರಪಳಿ ಹಾಕಿ ಲಾರಿಗೆ ಏರಿಸಿದರು. ಅವತ್ತು ಅವರಿಗೆ ಬೇಸರವಾಯಿತೇ ಎಂದರೆ ಇಲ್ಲ ಎನ್ನುತ್ತಾರೆ. ಮೂರು ಮನೆಗಳ ಛಾವಣಿ ನೆನಪಿದ್ದವರಿಗೆ ಹಳೆಯದರ ಮೇಲೆ ಮೋಹ ಉಳಿಯುವುದಿಲ್ಲ. ಅದು ನಿಂತಿದ್ದ ಜಾಗವನ್ನು ಗುಡಿಸಿ, ಎಣ್ಣೆ ಇಂಗಿ ಕಪ್ಪಾಗಿದ್ದ ನೆಲವನ್ನು ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದರು. ಕಪ್ಪು ಪೂರ್ತಿ ಹೋಗಲಿಲ್ಲ. ಈಗ ಅಲ್ಲಿ ನೀರಿನ ಮಡಕೆ ಇದೆ.

ಹೊಸ ಎಂಜಿನ್ನಿಗೆ ಇನ್ನೂ ಹೆಸರಿಲ್ಲ. ಆರುಮುಗಂ ಒಂದೆರಡು ಹೆಸರು ಸೂಚಿಸಿದರು, ಯಾವುದೂ ಹತ್ತಲಿಲ್ಲ. ಕೆಲಸ ಹಗುರವಾಗಿದೆ. ಹಗುರವಾದ ಕೆಲಸದಲ್ಲಿ ಮೈಮರೆವು ಬೇಗ ಎಂದು ಕೋದಂಡಪ್ಪ ಇನ್ನಷ್ಟು ಹುಷಾರಾಗಿದ್ದಾರೆ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದೆ. ಮೊಣಕಾಲು ಚಳಿಗಾಲದಲ್ಲಿ ನೋಯುತ್ತದೆ. ದಿನಕ್ಕೆ ಹತ್ತು ನಿಮಿಷ ಎಂಜಿನ್ನು, ಮಿಕ್ಕ ಹೊತ್ತು ಒರೆಸುವುದು, ಬಿಗಿ ಮಾಡುವುದು, ಕಾಯುವುದು. ಕಾಯುವುದನ್ನು ಅವರು ಕೆಲಸವೆಂದೇ ತಿಳಿದಿದ್ದಾರೆ. ಕೈಕಟ್ಟಿ ಕುಳಿತವರ ಹಾಗೆ ಕಾಣುವುದಿಲ್ಲ, ಕೇಳುತ್ತಿರುವವರ ಹಾಗೆ ಕಾಣುತ್ತಾರೆ.

ಹೊಸದು ಬಂದ ಮೇಲೆ ಅದು ನಿಜವಾಗಿ ಬೇಕಾದದ್ದು ಒಂದೇ ಸಲ. ಕಳೆದ ತಿಂಗಳು, ಆಷಾಢದ ಗಾಳಿಗೆ ತಂತಿ ಹರಿದು ಕರೆಂಟು ಹೋಯಿತು. ಮಧ್ಯಾಹ್ನ ಎರಡು ಗಂಟೆ. ಅದೇ ಗಾಳಿಗೆ, ಅದೇ ಗಳಿಗೆಗೆ, ಸೌದೆ ಡಿಪೋ ಒಂದರಲ್ಲಿ ಬೆಂಕಿ ಎದ್ದಿತು. ಫೋನು ಬಂದ ನಲವತ್ತನೆಯ ಸೆಕೆಂಡಿಗೆ ಸೈರನ್ನು ಕೂಗಿತು. ಲೈನ್ ಮನೆಗಳಿಂದ ಜನ ಅನ್ನದ ತಟ್ಟೆ ಬಿಟ್ಟು ಓಡಿ ಬಂದರು. ಸೌದೆಯ ಒಂದೇ ಒಂದು ಅಟ್ಟಿ ಸುಟ್ಟಿತು, ಪಕ್ಕದ ಮನೆಗಳಿಗೆ ಕಿಡಿಯೂ ತಾಗಲಿಲ್ಲ. ಕೋದಂಡಪ್ಪ ಆ ಬೆಂಕಿಯನ್ನು ನೋಡಲೇ ಇಲ್ಲ. ಕರೆಂಟು ಬರುವ ತನಕ, ಎರಡು ತಾಸು ಹತ್ತು ನಿಮಿಷ, ಶೆಡ್ಡಿನಲ್ಲಿ ಪೈಪಿನ ಮೇಲೆ ಕೈಯಿಟ್ಟು ನಿಂತಿದ್ದರು.

ಕರೆಂಟು ಬಂದು, ಎಂಜಿನ್ನು ಒರೆಸಿ, ಮನೆಗೆ ಬಂದಾಗ ಸಂಜೆಯಾಗಿತ್ತು. ಪಾಟಿಯ ಕಾಲದಲ್ಲಿ ಕರೆಂಟಿಲ್ಲದೆ ಕೂಗಿದ ಸೈರನ್ನು ಕೋಣ ಅರಚಿದ ಹಾಗೆ ಏರಿಳಿಯುತ್ತಿತ್ತು. ಅದನ್ನು ಕೇಳಿಯೇ ಕದಿರಮ್ಮನಿಗೆ, ಇವತ್ತು ಶೆಡ್ಡಿನಲ್ಲಿ ಗಂಡನಿಗೆ ಕೆಲಸ ಬಿದ್ದಿದೆ, ಊಟ ತಡ ಎಂದು ಗೊತ್ತಾಗುತ್ತಿತ್ತು. ಹೊಸದರಲ್ಲಿ ಆ ಗುರುತಿಲ್ಲ. ಕರೆಂಟಿನಲ್ಲಿ ಕೂಗಿದ ಹಾಗೆಯೇ, ಒಂದೇ ಎಳೆಯಲ್ಲಿ ಕೂಗುತ್ತದೆ. ತಟ್ಟೆ ಇಡುತ್ತ ಅವರು ಕೇಳಿದರು:

“ಮಧ್ಯಾನ ಕೂಗಿದ್ದು ಕರೆಂಟಾ, ನೀನಾ?”

ಕೋದಂಡಪ್ಪ ಕೈ ತೊಳೆದುಕೊಂಡು ಬಂದು, ತಟ್ಟೆಯ ಮುಂದೆ ಕುಳಿತು, ಮುದ್ದೆ ಮುರಿಯುವ ಮೊದಲು ಹೇಳಿದರು.

“ನಾನೇ ಕಣೆ.”